ಬೆಂಕಿ ತಿಂದ ಬದಿ

"ಮಣ್ಣಕ್ಕ, ಇದೂ ಬಾಯಿ ಬಿಟ್ಟಿದೆ," ಎಂದ ಭಟ್ಟಿಯ ಮೇಸ್ತ್ರಿ, ಅರ್ಧ ತೆರೆದ ಬಾಗಿಲಿನಿಂದ ತಲೆಯನ್ನು ಈಚೆಗೆಳೆದುಕೊಳ್ಳುತ್ತ.

ಆಕೆ ಬಗ್ಗಿ ನೋಡಿದಳು. ಆಳೆತ್ತರದ ಮಣ್ಣಿನ ಮರ ಬುಡದಿಂದ ನಡುವಿನವರೆಗೆ ಸೀಳಿಕೊಂಡು ನಿಂತಿತ್ತು. ಇದು ಮೂರನೆಯದು.

"ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ತಲೆ ಮೇಲೆ ಕೈ ಹೊತ್ತು ಕೂತಿರ್ತಿದ್ರು," ಎಂದ ಮೇಸ್ತ್ರಿ.

"ಕೈ ತಲೆ ಮೇಲಿದ್ರೆ ಕೆಲಸ ಮಾಡೋದು ಯಾವುದರಲ್ಲಿ? ಆ ಕಡೆ ಹಿಡಿ, ಇಳಿಸೋಣ."

ಕರೆಂಟು ಕಂಬಗಳಿಗೆ ಪಿಂಗಾಣಿ ಇನ್ಸುಲೇಟರ್ ಮಾಡುವ ಆ ಕಾರ್ಖಾನೆಯ ಮಣ್ಣಿನ ವಿಭಾಗದಲ್ಲಿ ಆಕೆ ಮೂವತ್ತೊಂದು ವರ್ಷ ದುಡಿದಿದ್ದಳು. ಮಣ್ಣಕ್ಕ ಎಂಬ ಹೆಸರು ಅಲ್ಲಿ ಅಂಟಿದ್ದು; ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಊರ ಹಿಂದಿನ ಗುಡ್ಡದ ಕಾಡು ಒಂಬತ್ತು ದಿನ ಉರಿಯಿತು. ಬೆಂಕಿ ಆರಿದ ಮೇಲೆ ಆಕೆ ಮೊಳದುದ್ದದ ಎರಡು ಸುಟ್ಟ ಮರಗಳನ್ನು ಮಣ್ಣಿನಲ್ಲಿ ಮಾಡಿ ಕಿಟಕಿಯಲ್ಲಿಟ್ಟಿದ್ದಳು. ಅವನ್ನು ಕಂಡ ಗ್ರಂಥಾಲಯದವರು, ತಮ್ಮ ಮುಂದಿನ ಹಜಾರಕ್ಕೆ ಇಂಥವೇ ಏಳು ಬೇಕು, ಆದರೆ ಆಳೆತ್ತರ ಇರಬೇಕು ಎಂದರು. ಅವರ ಮಾತು ಮುಗಿಯುವ ಮೊದಲೇ ಆಕೆ ಆಗಲಿ ಅಂದುಬಿಟ್ಟಿದ್ದಳು. ಕಾರ್ಖಾನೆಯವರು ಹಳೆಯ ಋಣಕ್ಕೆ ಒಂದು ಶೆಡ್ಡನ್ನೂ, ಭಟ್ಟಿ ಖಾಲಿಯಿದ್ದಾಗ ಒಳಗೊಂದಿಷ್ಟು ಜಾಗವನ್ನೂ ಕೊಟ್ಟಿದ್ದರು.

ಆ ಸಂಜೆ ಆಕೆಯ ತಮ್ಮ ಶೆಡ್ಡಿಗೆ ಬಂದ. ಅವನು ಕಾಡು ಕಾಯುವವನು. ಇಪ್ಪತ್ತು ವರ್ಷ ಗುಡ್ಡದ ಮೇಲಿನ ಕಾವಲು ಗೋಪುರದಲ್ಲಿದ್ದವನು, ಬೆಂಕಿಯ ನಂತರ ತಾನೇ ಕೇಳಿಕೊಂಡು ಕಚೇರಿಯ ಮೇಜಿಗೆ ಬಂದು ಕೂತಿದ್ದ. ಅಂದಿನಿಂದ ಒಮ್ಮೆಯೂ ಗುಡ್ಡ ಹತ್ತಿರಲಿಲ್ಲ. ಮಾತೂ ಕಡಿಮೆಯಾಗಿತ್ತು.

ಸೀಳಿದ ಮರವನ್ನು ಅವನು ಒಂದು ಸುತ್ತು ಹಾಕಿ ನೋಡಿದ. ಮತ್ತೊಂದು ಸುತ್ತು ಹಾಕಿದ.

"ಅದೇನು ಹೆಣ್ಣು ನೋಡಕ್ಕೆ ಬಂದವನ ಥರ ಸುತ್ತುತಿದೀಯಾ? ಹೇಳೋದಿದ್ರೆ ಹೇಳು," ಎಂದಳು.

"ಇದನ್ನ ಎಲ್ಲಿ ನೋಡಿ ಮಾಡಿದೆ?"

"ರಸ್ತೆಯಿಂದ ತೆಗೆದ ಫೋಟೋ ಇವೆಯಲ್ಲ."

"ಅದಕ್ಕೇ. ಇದು ನಾಲ್ಕೂ ಕಡೆ ಒಂದೇ ಸಮ ಸುಟ್ಟಿದೆ. ಬೆಂಕಿ ಹಾಗೆ ಸುಡಲ್ಲ ಅಕ್ಕ. ಕೆಳಗಿಂದ ಹತ್ತಿ ಬರುತ್ತೆ, ಬುಡ ಬಳಸಿಕೊಂಡು ಹಿಂದೆ ಹೋಗಿ ಸೇರ್ಕೊಳುತ್ತೆ. ಏರಿನ ಬದಿಗೆ ತರಗು ಬಿದ್ದು ರಾಶಿಯಾಗಿರುತ್ತಲ್ಲ, ಅಲ್ಲಿ ಕೂತು ತಿನ್ನುತ್ತೆ. ರಸ್ತೆಯಿಂದ ನೋಡಿದ್ರೆ ಮರ ಸುಮ್ಮನೆ ಕಪ್ಪಾದ ಹಾಗೆ ಕಾಣುತ್ತೆ. ಹಿಂದೆ ಹೋಗಿ ನೋಡಿದ್ರೆ ಮರವೇ ಇರಲ್ಲ, ಬರೀ ಪೊಟರೆ."

ತಿಂಗಳುಗಳಲ್ಲಿ ಅವನು ಇಷ್ಟು ಮಾತಾಡಿದ್ದು ಇದೇ ಮೊದಲು. ಆಕೆ ಕೈಯೊರೆಸಿಕೊಂಡಳು. "ಸರಿ. ಭಾನುವಾರ ಕರ್ಕೊಂಡು ಹೋಗಿ ತೋರಿಸು."

"ನಾನು ಬರಲ್ಲ."

"ಬೇಡ. ನಾನೇ ಹೋಗ್ತೀನಿ."

"ಆ ಮಂಡಿ ಇಟ್ಕೊಂಡು?"

"ಮಂಡಿ ಮನೇಲಿ ಬಿಟ್ಟು ಹೋಗಕ್ಕಾಗುತ್ತಾ?"

ಭಾನುವಾರ ಬೆಳಿಗ್ಗೆ ಆಕೆ ಬಾಗಿಲು ತೆಗೆದಾಗ ಅವನು ಮೆಟ್ಟಿಲ ಮೇಲೆ ಬೂಟಿನ ದಾರ ಬಿಗಿಯುತ್ತ ಕೂತಿದ್ದ. ಆಕೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಸಿಮಣ್ಣಿನ ಹಲಗೆಗಳ ಚೀಲವನ್ನು ಅವನ ಹೆಗಲಿಗೇರಿಸಿದಳು.

ದಾರಿಯುದ್ದಕ್ಕೂ ಬೂದಿಯ ಮೇಲೆ ಹೊಸ ಹುಲ್ಲು ಚಿಗುರಿತ್ತು. ಅರ್ಧ ಏರು ಹತ್ತಿದ ಮೇಲೆ ಅವನು ಒಂದು ದಪ್ಪ ಮರದ ಮುಂದೆ ನಿಂತು, ಹಿಂದೆ ಬರುವಂತೆ ಕೈ ತೋರಿಸಿದ. ಆಕೆ ಬಳಸಿ ಹೋದಳು. ಏರಿನ ಬದಿಯಲ್ಲಿ ಆಳೆತ್ತರದ ಪೊಟರೆ, ಮೇಲೆ ಚೂಪಾಗಿ ಮುಗಿದಿತ್ತು. ಅದರೊಳಗೆ ಒಬ್ಬರು ನಿಲ್ಲಬಹುದಿತ್ತು. ಸುಟ್ಟ ಒಳಮೈ ಸಣ್ಣ ಸಣ್ಣ ಚೌಕಗಳಾಗಿ ಬಿರಿದಿತ್ತು. ಉಳಿದದ್ದು ಹೆಬ್ಬೆರಳು ದಪ್ಪದ ಗೋಡೆ. ಅದರ ಮೇಲೆಯೇ ಇಡೀ ಮರ ನಿಂತಿತ್ತು.

ಆಕೆ ಬಹಳ ಹೊತ್ತು ಆ ಗೋಡೆಯ ಅಂಚನ್ನು ಬೆರಳಲ್ಲಿ ಅಳೆಯುತ್ತ ನಿಂತಳು. ಆಮೇಲೆ ಒಂದು ಮಣ್ಣಿನ ಹಲಗೆ ತೆಗೆದು ಇದ್ದಿಲಿನ ಮೈಗೆ ಒತ್ತಿದಳು. ಕಿತ್ತು ನೋಡಿದರೆ ಬಿರುಕುಗಳೆಲ್ಲ ಅಚ್ಚಾಗಿ ಮೂಡಿದ್ದವು.

"ಅಕ್ಕ," ಎಂದ ತಮ್ಮ, ಬೆನ್ನು ಹಾಕಿಯೇ. "ಆವತ್ತು ಹೊಗೆ ಕಂಡಿದ್ದು ಎರಡು ಗಂಟೆಗೆ ಅಂತ ಬರೆಸಿದೀನಿ. ನಂಗೆ ಕಂಡಿದ್ದು ಒಂದೂವರೆಗೆ. ಆಚೆ ಇಟ್ಟಿಗೆ ಗೂಡಿನ ಹೊಗೆ ಅಂದ್ಕೊಂಡೆ. ಊಟದ ಡಬ್ಬಿ ಬಿಚ್ಚಿದ್ದೆ. ತಿಂದು ಕೈತೊಳ್ಕೊಂಡು ಆಮೇಲೆ ನೋಡಿದೆ. ಬೆಂಕಿ ಆರಿಸೋವಾಗ ಜೊತೆಯವನ ಕೈ ಸುಟ್ಟಿದ್ದು ಆ ಅರ್ಧ ಗಂಟೆಯಿಂದ."

ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಜಿನ ಮುಂದೆ ಕೂತಿದ್ದನೇ ಎಂದುಕೊಂಡಳು ಆಕೆ. ನಿನ್ನ ತಪ್ಪಲ್ಲ ಅನ್ನಲು ಬಾಯಿ ಬರಲಿಲ್ಲ. ತಪ್ಪು ಇತ್ತು. ಅದು ಅವನಿಗೂ ಗೊತ್ತಿತ್ತು.

"ಸಾಹೇಬರಿಗೆ ಹೇಳ್ಬೇಕು ಅನಿಸ್ತಿದೆಯಾ?"

"ದಿನಾ ಅನಿಸುತ್ತೆ."

"ಹಾಗಿದ್ರೆ ನಾಳೆ ಹೇಳು. ಆ ಜೊತೆಯವನ ಮನೆಗೂ ಹೋಗು, ನಾನೂ ಬರ್ತೀನಿ. ಇವತ್ತು ಮಣ್ಣು ಒಣಗ್ತಿದೆ, ಇತ್ತ ಬಾ. ಇದನ್ನ ಹಿಡ್ಕೊಂಡು ಬಲವಾಗಿ ಒತ್ತು."

ಅವನು ಪೊಟರೆಯೊಳಗೆ ಹೋಗಿ ಎರಡೂ ಅಂಗೈಗಳಿಂದ ಮಣ್ಣನ್ನು ಒತ್ತಿ ನಿಂತ. ಅವನ ಭುಜಗಳು ಅಲುಗುತ್ತಿದ್ದವು. ಆಕೆ ಚೀಲದಲ್ಲಿ ಏನೋ ಹುಡುಕುವವಳಂತೆ ಅತ್ತ ತಿರುಗಿದಳು.

ಸೋಮವಾರ ಅವನು ಹೇಳಿದ. ಸಾಹೇಬರು ದನಿಯೇರಿಸದೆ ಎಲ್ಲ ಬರೆದುಕೊಂಡರು. ಸಂಜೆ ಇಬ್ಬರೂ ಕೈ ಸುಟ್ಟುಕೊಂಡವನ ಮನೆಗೆ ಹೋದರು. ಅವನು ಕೇಳಿಸಿಕೊಂಡು, ಎದ್ದು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ತಿಂಗಳಾದ ಮೇಲೆ ತಮ್ಮನಿಗೆ ಆದೇಶ ಬಂತು. ಬಡ್ತಿ ಎರಡು ವರ್ಷ ತಡೆದಿದ್ದರು. ಅದನ್ನು ಮಡಚಿ ಜೇಬಿಗಿಟ್ಟು, ಆ ದಿನ ಅಕ್ಕನ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡ. ಮರುವಾರ ಗೋಪುರದ ಕೆಲಸವನ್ನೇ ಕೇಳಿಕೊಂಡು ಗುಡ್ಡ ಹತ್ತಿದ.

ಇತ್ತ ಆಕೆ ಹಳೆಯ ನಕ್ಷೆಗಳನ್ನು ಬಿಸಾಡಿ ಮೊದಲಿನಿಂದ ಶುರುಮಾಡಿದ್ದಳು. ಬುಡದಲ್ಲಿ ತುಂಬಿದ್ದ ದಪ್ಪ ಮಣ್ಣು ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು, ಅದಕ್ಕೇ ಸೀಳುತ್ತಿತ್ತು. ಈಗ ಒಂದು ಬದಿ ಪೂರ್ತಿ ತೆರೆದಿಟ್ಟು, ಗೋಡೆಯನ್ನು ಎಲ್ಲ ಕಡೆ ಹೆಬ್ಬೆರಳು ದಪ್ಪಕ್ಕೆ ತಂದಳು. ಒಳಗೂ ಹೊರಗೂ ಒಂದೇ ಸಮ ಒಣಗಿತು. ನಾಲ್ಕನೆಯ ಮರ ಭಟ್ಟಿಯಿಂದ ಇಡಿಯಾಗಿ ಬಂದಾಗ ಮೇಸ್ತ್ರಿ ಬೆರಳಗೆಣ್ಣಿನಿಂದ ಅದನ್ನು ತಟ್ಟಿ ಕಿವಿಗೊಟ್ಟ.

"ಗಂಟೆ ಥರ ಇದೆ ಮಣ್ಣಕ್ಕ."

"ಗೊತ್ತಿತ್ತು," ಎಂದಳು ಆಕೆ. ನಿಜಕ್ಕೂ ಗೊತ್ತಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಏಳೂ ಮರಗಳು ಗ್ರಂಥಾಲಯದ ಹಜಾರದಲ್ಲಿ ನಿಂತವು. ಮೊದಲ ದಿನ ಭಾಷಣಗಳಾದವು, ಫೋಟೋಗಳಾದವು. ಎರಡನೆಯ ದಿನ ರಜೆ ಹಾಕಿ ತಮ್ಮ ನೋಡಲು ಬಂದ. ಅಕ್ಕ-ತಮ್ಮ ಇಬ್ಬರೂ ಗೋಡೆಯ ಬದಿಯ ಬೆಂಚಿನಲ್ಲಿ ಕೂತರು. ಆಗ ದಿನಪತ್ರಿಕೆ ಓದಲು ಬರುವ ಮುದುಕರೊಬ್ಬರು ಒಳಗೆ ಬಂದು, ಸುತ್ತ ನೋಡಿ, ತಮ್ಮ ಒದ್ದೆ ಕೊಡೆಯನ್ನು ಬಾಗಿಲ ಬಳಿಯ ಮರದ ಮೋಟುಕೊಂಬೆಗೆ ತೂಗುಹಾಕಿ ಓದುವ ಕೋಣೆಗೆ ಹೋದರು.

ತಮ್ಮ ಥಟ್ಟನೆ ಎದ್ದ. ಆಕೆ ಅವನ ತೋಳು ಹಿಡಿದು ಕೂರಿಸಿದಳು.

"ಇರಲಿ ಬಿಡೋ. ಭಾರ ತಡೆಯುತ್ತೆ."

ಕೊಡೆಯ ತುದಿಯಿಂದ ನೀರು ತೊಟ್ಟಿಕ್ಕಿ, ಕಪ್ಪು ಮೈಯ ಬಿರುಕಿನಿಂದ ಬಿರುಕಿಗೆ ದಾರಿ ಹುಡುಕುತ್ತ ನಿಧಾನವಾಗಿ ಬುಡದ ಕಡೆಗೆ ಇಳಿಯತೊಡಗಿತು.