ನಾನು ಟೌ, ಇಂದ್ರವ್ವನ ತಲೆಯೊಳಗಿನ ಗಂಟು

ನಾನು ಒಂದು ಪ್ರೋಟೀನ್. ಹೆಸರು ಟೌ. ಧಾರವಾಡದ ಇಂದ್ರವ್ವನ ಮಿದುಳಿನಲ್ಲಿ, ನೆನಪು ಕಾಯುವ ಒಂದು ನರಕೋಶದಲ್ಲಿ ಹುಟ್ಟಿದೆ. ಕಣ್ಣಿಗೆ ಕಾಣದಷ್ಟು ಸಣ್ಣವನಾದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಕೋಶದ ಉದ್ದಕ್ಕೂ ಸಾಮಾನು ಸಾಗಿಸುವ ಸಪೂರ ಕೊಳವೆಗಳಿವೆ. ಅವು ಕಳಚಿಕೊಳ್ಳದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ.

ನನ್ನನ್ನು ಆಳುತ್ತಿದ್ದವು ಎರಡು ಕಿಣ್ವಗಳು. ಕೈನೇಸ್ ಬಂದು ಮೈಗೆ ಫಾಸ್ಫೇಟ್ ಅಂಟಿಸಿದರೆ ನನ್ನ ಹಿಡಿತ ಸಡಿಲವಾಗುತ್ತಿತ್ತು. ಫಾಸ್ಫಟೇಸ್ ಬಂದು ಅದನ್ನು ಕಿತ್ತು ತೆಗೆದರೆ ಮತ್ತೆ ಗಟ್ಟಿ. ಅತ್ತೆ ಸೊಸೆಯರ ಹಾಗೆ ಒಂದು ಮಾಡಿದ್ದು ಇನ್ನೊಂದಕ್ಕೆ ಸೇರದು. ಆದರೂ ಸಂಸಾರ ನಡೆದಿತ್ತು.

ಇಂದ್ರವ್ವ ಕಸೂತಿಯಲ್ಲಿ ಎತ್ತಿದ ಕೈ. ಎಳೆ ಎಣಿಸಿ ಹಾಕುವ ಆ ಹೊಲಿಗೆಗೆ ಗಂಟು ನಿಷಿದ್ಧ. ಸೀರೆಯ ಒಳಮೈ, ಹೊರಮೈ ಒಂದೇ ಥರ ಕಾಣಬೇಕು.

ವಯಸ್ಸಾದಂತೆ ಕೋಶದ ಹೊರಗೆ ಅಮಿಲಾಯ್ಡ್ ಎಂಬ ಇನ್ನೊಂದು ಪ್ರೋಟೀನ್ ಕಸವಾಗಿ ಕೂಡತೊಡಗಿತು. ಕೈನೇಸಿಗೆ ಹುಚ್ಚು ಹಿಡಿಯಿತು, ಅಂಟಿಸಿದ್ದೇ ಅಂಟಿಸಿದ್ದು. ಫಾಸ್ಫಟೇಸ್ ಸೋತುಹೋಯಿತು. ನನ್ನ ಕೈ ಜಾರಿತು. ಹೀಗೆ ಜಾರಿದ ನಾವೆಲ್ಲ ಒಬ್ಬರಿಗೊಬ್ಬರು ಸುತ್ತಿಕೊಂಡು ಗಂಟಾದೆವು. ಬಿಡಿಯಾಗಿರುವ ಟೌಗಳು ಬೇಗ ಸವೆದು ಹೋಗುತ್ತವೆ. ಗಂಟಾದವರಿಗೆ ಸುಲಭಕ್ಕೆ ಸಾವಿಲ್ಲ. ಇಂಥ ದೀರ್ಘಾಯುಷ್ಯ ಶತ್ರುವಿಗೂ ಬೇಡ.

ಒಂದು ಮಧ್ಯಾಹ್ನ ಮಗಳು ಶಕ್ಕು ತಾಯಿಯ ಹೊಲಿಗೆಯನ್ನು ತಿರುವಿ ನೋಡಿದಳು. ಒಳಮೈ ತುಂಬ ಗಂಟು.

"ಅವ್ವಾ, ಇದೇನ್ ಮಾಡೀ?"

"ನಾ ಎಲ್ಲಿ ಮಾಡೇನಿ? ಯಾರೋ ಮಾಡ್ಯಾರ," ಎಂದಳು ಇಂದ್ರವ್ವ.

ಡಾಕ್ಟರು ಅಲ್ಝೈಮರ್ ಎಂದರು. ಶಕ್ಕು ಅತ್ತಳು: "ಎಲ್ಲಾ ಮರೀಲ್ರಿ, ನನ್ನ ಒಬ್ಬಾಕೀನ ಮರೀದಿದ್ರ ಸಾಕು."

ಅದನ್ನು ಕೇಳಿ ನಾನು ಗಂಟಿನಿಂದ ಬಿಡಿಸಿಕೊಳ್ಳಲು ಒದ್ದಾಡಿದೆ, ಆಗಲಿಲ್ಲ. ಇಂದ್ರವ್ವ ಮೊದಲು ಓಣಿಯನ್ನು ಮರೆತಳು, ಆಮೇಲೆ ಗಂಡ ಸತ್ತಿದ್ದನ್ನು. ಕಡೆಗೆ ಶಕ್ಕು ಎಂಬ ಹೆಸರೂ ಹೋಯಿತು. ನಮ್ಮ ಕೋಶವೂ ಸತ್ತಿದೆ. ನಾನು ಮಾತ್ರ ಮೂಲೆಯಲ್ಲಿ ಬಿದ್ದುಕೊಂಡು, ಹಿಡಿದುಕೊಳ್ಳುವುದೇ ಬದುಕಾಗಿತ್ತಲ್ಲ ಎಂದು ಹಲಬುತ್ತಿದ್ದೇನೆ.

ನಮ್ಮ ಕಡೆ ತಾಯಂದಿರು ಮಗಳನ್ನೂ ಮುದ್ದಿನಿಂದ "ಯವ್ವಾ" ಎನ್ನುತ್ತಾರೆ. ನಿನ್ನೆ ಶಕ್ಕು ತಾಯಿಯ ತಲೆ ಬಾಚುತ್ತಿದ್ದಾಗ ಅವಳ ಸೆರಗು ಹಿಡಿದು ಇಂದ್ರವ್ವ, "ಯವ್ವಾ" ಎಂದಳು. ಶಕ್ಕುವಿನ ಮುಖ ಅರಳಿತು.

"ಗುರ್ತು ಹಿಡದಿ ಏನವಾ ನನ್ನ!"

"ಯವ್ವಾ, ಇವತ್ತೊಂದಿನ ನನ್ನ ಸಾಲೀಗೆ ಕಳಸಬ್ಯಾಡ."

ಬಾಚಣಿಗೆ ನಿಂತಿತು. ಶಕ್ಕು ಕಣ್ಣೊರೆಸಿಕೊಂಡು, ತಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಇಲ್ಲ ನನ್ನ ಕೂಸ, ಕಳಸೂದಿಲ್ಲ."