ವರ್ಲಿನ್ ಸ್ಟಕಿಯ ಮುಖ

ಹೋಬರ್ಟ್ ಕ್ರೇಮರ್ ನಿವೃತ್ತ ಅಂಚೆಯವ. ಊರವರ ಕಾಗದಗಳು ಮಳೆಯಲ್ಲಿ ನೆಂದರೂ ತನ್ನ ಬೇಸ್‌ಬಾಲ್ ಕಾರ್ಡುಗಳಿಗೆ ಒಂದು ಹನಿ ತಾಗಗೊಡದ ಆಸಾಮಿ. 1958ರಲ್ಲಿ ಬಬಲ್ ಗಮ್ ಪೊಟ್ಟಣದೊಳಗೆ ಬಂದ, ಆಟಗಾರರ ಫೋಟೋ, ಹೆಸರು ಅಚ್ಚಾದ, ತನ್ನೂರ ತಂಡದ ಇಪ್ಪತ್ತೆಂಟು ಕಾರ್ಡುಗಳೂ ಅವನಲ್ಲಿದ್ದವು. ಇಪ್ಪತ್ತೇಳರ ಮೇಲೆ ಆಯಾ ಆಟಗಾರನ ಸಹಿ ಬಿದ್ದಾಗಿತ್ತು. ಉಳಿದವನು ಒಬ್ಬನೇ, ಬರೀ ಒಂಬತ್ತು ಪಂದ್ಯ ಆಡಿದ ವರ್ಲಿನ್ ಸ್ಟಕಿ. ಆ ಸಹಿಯಿಲ್ಲದೆ ತಾನು ನೆಮ್ಮದಿಯಾಗಿ ಸಾಯಲಾರೆನೆಂದು ಹೋಬರ್ಟ್ ಹೇಳುತ್ತಿದ್ದುದು ಅವನ ಹೆಂಡತಿಗೆ ಬಾಯಿಪಾಠವಾಗಿತ್ತು.

ಸ್ಟಕಿ ಅಯೋವಾದ ಒಂದು ಸಣ್ಣ ಊರಲ್ಲಿದ್ದಾನೆಂದು ತಿಳಿದ ಮರುದಿನವೇ ಹೋಬರ್ಟ್ ಆರು ಗಂಟೆ ಕಾಲ ಕಾರು ಓಡಿಸಿಕೊಂಡು ಹೋದ. ಜಗುಲಿಯಲ್ಲಿ, ಚೆಂಡು ಬಡಿದು ಸೊಟ್ಟಗಾದ ಮೂಗಿನ ಮುದುಕನೊಬ್ಬ ಜೋಳದ ತೆನೆ ಸುಲಿಯುತ್ತ ಕೂತಿದ್ದ. ಹೋಬರ್ಟ್ ಕಾರ್ಡನ್ನು ಕವಚದಿಂದ ಮೆಲ್ಲಗೆ ತೆಗೆದು ಮುಂದೆ ಹಿಡಿದ.

"ಇದು ನಾನಲ್ಲ," ಎಂದ ಮುದುಕ.

"ಏನಂದ್ರಿ?"

"ನಮ್ಮ ಬಸ್ ಡ್ರೈವರ್ ಡಾಯ್ಲ್ ಕಣಯ್ಯಾ. ಫೋಟೋದವನಿಗೆ ನಮ್ಮಲ್ಲಿ ಯಾರ ಗುರ್ತೂ ಇರ್ಲಿಲ್ಲ. ತಮಾಷೆಗೆ ನನ್ನ ಟೋಪಿ, ಅಂಗಿ ಅವನಿಗೆ ಹಾಕಿ ನಿಲ್ಲಿಸಿದ್ವಿ. ಹಂಗೇ ಅಚ್ಚಾಗೋಯ್ತು. ಮುಂದಿನ ವರ್ಷ ಸರಿಮಾಡಿಸ್ಕೊಂಡ್ರಾಯ್ತು ಅಂದ್ಕೊಂಡೆ. ಮುಂದಿನ ವರ್ಷ ನನ್ನನ್ನೇ ತಂಡದಿಂದ ತೆಗೆದ್ರು."

ಹೋಬರ್ಟ್ ಕಾರ್ಡನ್ನು ಕಣ್ಣಿನ ಹತ್ತಿರಕ್ಕೆ ಹಿಡಿದ. ಭೂತಗನ್ನಡಿ ಹಿಡಿದು ಕಾರ್ಡಿನ ನಾಲ್ಕೂ ಮೂಲೆಗಳನ್ನು ಸಾವಿರ ಸಲ ನೋಡಿದ್ದವನಿಗೆ ಮುಖದ ಮೇಲೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.

"ಹೆಸರು ನಿಮ್ಮದೇ ಅಲ್ವಾ ಸರ್? ಒಂದು ಸಹಿ ಹಾಕ್ಬಿಡಿ."

"ಆಗಲ್ಲ. ಈ ಮೋರೆ ಅರವತ್ತು ವರ್ಷದಿಂದ ನನ್ನ ಹೊಟ್ಟೆ ಉರಿಸಿದೆ."

ನಿಂಬೆ ಪಾನಕ ತಂದ ಸ್ಟಕಿಯ ಹೆಂಡತಿ ಓಪಲ್ ಕಾರ್ಡನ್ನು ಕಂಡು ಮುಖವರಳಿಸಿದಳು.

"ಅಯ್ಯೋ, ಡಾಯ್ಲ್! ಇವನನ್ನ ನೋಡೇ ಕಣ್ರೀ ನಾನು ಮರುಳಾಗಿದ್ದು. ವರ್ಲಿನ್ ಸ್ಟಕಿ ಅಂತ ಹೆಸರಿತ್ತಲ್ಲ, ಆ ಹೆಸರಿಗೆ ಪತ್ರ ಬರೆದು ಊಟಕ್ಕೆ ಕರೆದೆ. ಬಾಗಿಲು ತೆಗೆದ್ರೆ ಈ ಮೂಗು!"

"ಮತ್ಯಾಕೆ ಒಳಗೆ ಬಿಟ್ಕೊಂಡೆ?" ಎಂದು ಸ್ಟಕಿ ಗುರ್ರೆಂದ.

"ಕೋಳಿ ಹುರಿದಾಗಿತ್ತಲ್ಲ, ಏನ್ಮಾಡ್ಲಿ? ಉಂಡಮೇಲೆ ನೀನು ನಮ್ಮಮ್ಮನ ಜೊತೆ ನಿಂತು ಪಾತ್ರೆ ತೊಳೆದೆ. ಅವತ್ತಿಂದ ಆ ಡ್ರೈವರ್ ನೆನಪೇ ಬಂದಿಲ್ಲ ಕಣೋ, ಹುಚ್ಚಪ್ಪ."

"ಅರವತ್ತು ವರ್ಷ ಆದ್ಮೇಲೆ ಹೇಳ್ತಿದೀಯಲ್ಲೇ!"

"ನೀನು ಕೇಳಿದ್ದು ಇವತ್ತೇ ಅಲ್ವಾ?"

ಮುದುಕ ಜೋಳದ ತೆನೆಯನ್ನು ಪಕ್ಕಕ್ಕಿಟ್ಟ. ಹೋಬರ್ಟನ ಪೆನ್ನಿಗೆ ಕೈಚಾಚಿದ. ಅವನು ಬರೆಯತೊಡಗಿದರೆ ನಿಲ್ಲಿಸುವ ಲಕ್ಷಣವೇ ಇಲ್ಲ.

"ಬರೀ ಹೆಸರು ಸಾಕು ಸರ್! ಕಾರ್ಡು ಹಾಳಾಗುತ್ತೆ!" ಹೋಬರ್ಟ್ ಕೈಕೈ ಹಿಸುಕಿಕೊಂಡ.

ಸ್ಟಕಿ ಬರೆದು ಮುಗಿಸಿ, ಶಾಯಿ ಆರಲೆಂದು ಊದಿ, ಕಾರ್ಡನ್ನು ಹೋಬರ್ಟನಿಗಲ್ಲ, ಓಪಲ್‌ಗೆ ಕೊಟ್ಟ. ಅವಳು ಓದಿ, ಅವನ ಸೊಟ್ಟ ಮೂಗನ್ನು ಮೆಲ್ಲಗೆ ಹಿಂಡಿದಳು. ಹೋಬರ್ಟ್ ಇಣುಕಿ ನೋಡಿದ.

"ಮುಖ ಡಾಯ್ಲನದು. ಹೆಂಡತಿ ನನ್ನವಳು. ಇಂತಿ, ವರ್ಲಿನ್ ಸ್ಟಕಿ."