ನಡುವೆ ಒಂದು ಹವಳದ ತೊಟ್ಟಿ

ತೊಟ್, ಮತ್ತೆ ಅದೇ, ಈ ಸಲ ಮೊಣಕೈ ಮೇಲೆ, ಹಾಗಾದರೆ ಸೋರುತ್ತಿರುವುದು ಎಡಗಡೆಯ ಪೈಪಲ್ಲ, ಬಲಗಡೆಯದು, ಅಥವಾ ಎರಡೂ, ಅಥವಾ ಇಡೀ ಮೀನಿನ ತೊಟ್ಟಿಯೇ ನನ್ನ ಮೇಲೆ ಹಗೆ ಸಾಧಿಸುತ್ತಿದೆ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮರದ ಸ್ಟ್ಯಾಂಡಿನೊಳಗೆ ಅರ್ಧ ಮೈ ತೂರಿಸಿ, ಕುತ್ತಿಗೆಯನ್ನು ಕೊಕ್ಕೆ ಮಾಡಿಕೊಂಡು ಬಿದ್ದಿರುವ ನನ್ನ ಮೇಲೆ — ರಜೆಯ ದಿನ, ಉಳಿದ ಗಂಡಸರೆಲ್ಲ ಕಾಲು ಚಾಚಿ ಪೇಪರ್ ಓದುವ ಹೊತ್ತಿನಲ್ಲಿ. ತೊಟ್. ಹೆಂಡತಿಗೆ ಇದು ಕೇಳುವುದಿಲ್ಲ, ಪುಣ್ಯವಂತೆ, ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಪಾತ್ರೆ ಬಿದ್ದರೆ, ಬಾಗಿಲು ಬಡಿದರೆ ಏನೋ ಒಂದಿಷ್ಟು, ಹಾಗಾಗಿ ಈ ಮನೆಯ ತೊಟ್ಟಿಕ್ಕುವುದೆಲ್ಲ ಈಗ ನನ್ನ ಪಾಲಿಗೆ. ರೀ ಆಯ್ತಾ, ಅಡುಗೆಮನೆಯಿಂದ ಅವಳ ಕೂಗು, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೀಗ ಅಂದಾಜು ಸಿಗುವುದಿಲ್ಲ, ಪಕ್ಕದ ಮನೆಯವರೂ ಆಯ್ತಾ ಎಂದು ಎದ್ದು ಕೂತಿರಬೇಕು, ಇಲ್ಲ ಕಣೇ ಎಂದು ನಾನು ಸ್ಟ್ಯಾಂಡಿನೊಳಗಿಂದ ಅರಚಿದರೆ ಯಾರಿಗೆ ಕೇಳಿಸಬೇಕು, ಅವಳಿಗೆ ಉತ್ತರ ಬೇಕೆಂದರೆ ನಾನು ಹೊರಗೆ ತೆವಳಿ, ಟಾರ್ಚು ಉಗುಳಿ, ಮುಖ ತೋರಿಸಿ, ಇಲ್ಲ ಎನ್ನಬೇಕು, ಪ್ರತಿ ಇಲ್ಲಕ್ಕೂ ಇಷ್ಟು ಕಸರತ್ತು.

ಕಿವಿ ತೋರಿಸಲು ಹೋದವಳು ಮೀನು ತಂದಳು, ಹೀಗೆ ಹೇಳಿದರೆ ಯಾರಾದರೂ ನಂಬುತ್ತಾರೆಯೇ, ನಾನು ಕಲಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿದೆ, ಎಲ್ಲರೂ ನಕ್ಕರು. ಕಿವಿಯ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ, ಕಾಯುವ ಕೋಣೆಗೂ ಅವರ ಕೋಣೆಗೂ ನಡುವಿನ ಗೋಡೆಯಲ್ಲೇ ಕೂರಿಸಿದ್ದ ತೊಟ್ಟಿ ಇದು, ಎರಡೂ ಕಡೆಯಿಂದ ಕಾಣುತ್ತಿತ್ತು, ಕಡಲ ನೀರು, ಜೀವಂತ ಹವಳ, ಕಿತ್ತಳೆ ಬಣ್ಣದ ಎರಡು ಮೀನು, ಅವಳು ಆಸ್ಪತ್ರೆಯ ವಿಚಾರಣೆ ಕೌಂಟರಿನ ಕೆಲಸ ಬಿಟ್ಟ ಮೇಲೆ ಎಲ್ಲಾದರೂ ಕಣ್ಣರಳಿಸಿ ಕೂತಿದ್ದನ್ನು ನಾನು ನೋಡಿದ್ದು ಅದರ ಮುಂದೆ ಮಾತ್ರ. ಕಿವಿಗೆ ಮಷೀನು ಹಾಕಿ ನೋಡಿದ್ದಾಯಿತು, ಎಲ್ಲರೂ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗಿದೆ ಕಣ್ರೀ ಎಂದು ತೆಗೆದು ಡ್ರಾಯರಿಗೆ ಹಾಕಿದಳು. ಕೊನೆಯ ಭೇಟಿಯ ದಿನ ಡಾಕ್ಟರಮ್ಮ, ನೀವು ಸ್ವಲ್ಪ ಆಚೆ ಕೂತಿರಿ ಎಂದು ಅವಳನ್ನು ಕಳಿಸಿ ನನ್ನನ್ನು ಉಳಿಸಿಕೊಂಡರು, ಎಡಗಿವಿಯೂ ಉಳಿಯೋದಿಲ್ಲ, ಇನ್ನೊಂದು ವರ್ಷ ಅಂದ್ಕೊಳ್ಳಿ, ನಿಧಾನವಾಗಿ ನೀವೇ ಅವರಿಗೆ ಹೇಳಿ — ನಿಧಾನವಾಗಿ ಎಂದರೆ ಎಷ್ಟು ನಿಧಾನ, ಬಸ್ಸಿನಲ್ಲಿ ಹೇಳೋಣವೆಂದುಕೊಂಡೆ, ಜನ ಇದ್ದರು, ಊಟದ ಹೊತ್ತಿಗೆ ಎಂದುಕೊಂಡೆ, ಅವಳು ಖುಷಿಯಾಗಿದ್ದಳು, ಏಕೆಂದರೆ ಹೊರಡುವಾಗ ಡಾಕ್ಟರಮ್ಮನನ್ನು ನಿಲ್ಲಿಸಿ, ಕ್ಲಿನಿಕ್ ಬೇರೆ ಕಡೆ ಹೋಗುತ್ತಂತಲ್ಲ, ಈ ತೊಟ್ಟಿ ಏನ್ ಮಾಡ್ತೀರಾ, ನಮಗೆ ಕೊಡ್ತೀರಾ ಎಂದು ಕೇಳಿಯೇಬಿಟ್ಟಿದ್ದಳು, ಅವರೂ ತಗೊಂಡ್ ಹೋಗಿ ಎಂದರು. ಮುಗಿಯಿತಲ್ಲ. ಹವಳ, ಮೀನು, ಹಳೆಯ ಕಲ್ಲು, ಹಳೆಯ ನೀರು ಸಮೇತ ಡ್ರಮ್ಮುಗಳಲ್ಲಿ ಬಂದು ಈಗ ಬಾಲ್ಕನಿಯಲ್ಲಿ ಗುಳುಗುಳು ಎನ್ನುತ್ತಿವೆ, ಕತ್ತಲಾಗುವುದರೊಳಗೆ ತೊಟ್ಟಿಗೆ ಬಿಡಬೇಕು, ಇಲ್ಲದಿದ್ದರೆ ಡ್ರಮ್ಮಿನಲ್ಲೇ ಸಾಯುತ್ತವೆ, ಸತ್ತರೆ ಅವಳ ಮುಖ — ಬೇಡ, ಅದನ್ನು ಯೋಚಿಸುವುದು ಬೇಡ, ಸ್ಪ್ಯಾನರ್ ಎಲ್ಲಿ.

ಸ್ಪ್ಯಾನರ್ ಭಾಮೈದನ ತೊಡೆಯ ಕೆಳಗೆ. ಅಕ್ಕನಿಗೆ ಸಹಾಯ ಮಾಡಲು ಬಂದ ತಮ್ಮ ಬೆಳಗಿನಿಂದ ಸೋಫಾದಿಂದ ಎದ್ದಿಲ್ಲ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಸಮುದ್ರಶಾಸ್ತ್ರದಲ್ಲಿ ಪಂಡಿತನಾಗಿದ್ದಾನೆ, ಭಾವ ಅದು ಹಾಗಲ್ಲ, ಭಾವ ಇದು ಹೀಗಲ್ಲ. ಪ್ಲಂಬರ್ ಬಂದಾಗ ಅವನೇ ಗತ್ತಿನಿಂದ, ಮೇಲಿನ ನೀರು ಪೈಪಲ್ಲಿ ಸಂಪಿಗೆ ಇಳೀಬೇಕು, ಪಂಪು ಅದನ್ನ ವಾಪಸ್ ಮೇಲೆ ಹತ್ತಿಸ್ಬೇಕು ಎಂದ, ಪ್ಲಂಬರ್ ತಲೆ ಕೆರೆದು, ಸಂಪ್ ಎಲ್ಲಿದೆ ಸಾರ್ ಎಂದು ಅಂಗಳದಲ್ಲಿ ಮುಚ್ಚಳ ಹುಡುಕುತ್ತ ಹೋದ, ಸ್ಟ್ಯಾಂಡಿನೊಳಗಿನ ಸಣ್ಣ ಗಾಜಿನ ತೊಟ್ಟಿ ತೋರಿಸಿ ಇದೇ ಸಂಪು ಎಂದಾಗ, ಮೀನಿನ ಉಸಾಬರಿ ನಂಗ್ಯಾಕೆ ಸಾರ್ ಎಂದು ಚೀಲ ಎತ್ತಿಕೊಂಡು ಹೊರಟೇಹೋದ. ನಾನೂ ಹಾಗೆ ಚೀಲ ಎತ್ತಿಕೊಂಡು ಹೊರಡುವಂತಿದ್ದರೆ. ಪಾಠ ಹೇಳುವ ಕಾರಿನಲ್ಲಾದರೆ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಎಷ್ಟೇ ಹುಚ್ಚಾಟ ಆಡಿದರೂ ಒತ್ತಿದರೆ ನಿಲ್ಲುತ್ತದೆ, ಇಲ್ಲಿ ಒತ್ತುವುದಕ್ಕೆ ಏನೂ ಇಲ್ಲ, ಗಾಜಿನ ತೂತಿಗೆ ಕೂರಿಸಿದ ಪ್ಲಾಸ್ಟಿಕ್ ಕಾಲರಿನ ನಟ್ಟು ಒಂದೇ, ಅದನ್ನು ಬಿಗಿ ಮಾಡಿದಷ್ಟೂ ಜಾಸ್ತಿ ಸೋರುತ್ತದೆ, ಇನ್ನೂ ಬಿಗಿ ಮಾಡಿದರೆ ಗಾಜು ಸೀಳುತ್ತದೆ. ಭಾವ, ರಬ್ಬರ್ ವಾಷರ್ ಎಲ್ಲಿ ಹಾಕಿದ್ರಿ, ನಟ್ ಕಡೆಗೋ ನೀರಿನ ಕಡೆಗೋ. ಸುಮ್ನಿರೋ ಮಾರಾಯ. ಅಲ್ಲ ಭಾವ, ಬೆಳಗ್ಗೆನೇ ಅಂದೆ, ನೀವು ಕೇಳಿಸ್ಕೊಳ್ಳಲಿಲ್ಲ, ನೀರಿನ ಕಡೆಗೆ ಇರ್ಬೇಕಂತೆ. ಬೆಳಗ್ಗೆನೇ ಅಂದಿದ್ದನೇ, ಅಂದಿದ್ದ, ದರಿದ್ರದವನು ಅಂದಿದ್ದ, ಪರೀಕ್ಷೆಗೆಂದು ತುಂಬಿದ್ದ ನಲ್ಲಿ ನೀರನ್ನೆಲ್ಲ ಬಕೆಟ್ಟಿಗೆ ಇಳಿಸಿ, ಕಾಲರ್ ಕಳಚಿ, ವಾಷರನ್ನು ಒಳಗಡೆಗೆ ಕೂರಿಸಿ, ನಟ್ಟನ್ನು ಬರೀ ಕೈಯಲ್ಲಿ ತಿರುಗಿಸಿ, ಮತ್ತೆ ನೀರು ತುಂಬಿ, ಕಾದು, ಕೈಯಿಟ್ಟು ಸವರಿದೆ — ಒಣ, ಒಣ, ಒಣ. ನೋಡಿದ್ರಾ ಎಂದ. ಅವನಿಗೆ ಭೇಷ್ ಎನ್ನುವುದಕ್ಕಿಂತ ಇಡೀ ದಿನ ನೆನೆಯುವುದೇ ವಾಸಿ ಎನಿಸಿತು, ಆದರೂ ಅಂದೆ, ಅವನು ಸ್ಪ್ಯಾನರ್ ಕೊಟ್ಟು ಮನೆಗೆ ಹೋದ.

ಇನ್ನು ಲೈಟು. ಲೈಟಿನದು ಬೇರೆಯೇ ರಾಮಾಯಣ. ತೊಟ್ಟಿಯನ್ನು ಎಲ್ಲರ ಹಾಗೆ ಗೋಡೆಗೆ ಒತ್ತಿ ಇಡೋಣ ಎಂದರೆ ಇವಳು ಕೇಳಲಿಲ್ಲ, ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯ ಬದಲು ತೆರಪು ಇದೆಯಲ್ಲ, ಅಲ್ಲೇ ಇರಬೇಕೆಂದು ಹಟ, ಹಾಗಾಗಿ ಚಾವಣಿಗೆ ತೂತು ಕೊರೆದು, ಕಣ್ಣಿಗೆಲ್ಲ ಸುಣ್ಣ ಉದುರಿಸಿಕೊಂಡು, ತಂತಿಯಲ್ಲಿ ಲೈಟು ತೂಗುಹಾಕಿದ್ದೇನೆ, ನೀಲಿ ಬೇರೆ, ಬಿಳಿ ಬೇರೆ, ಮೊದಮೊದಲು ಮಂದವಾಗಿರಲಿ, ಒಮ್ಮೆಗೇ ಪೂರ್ತಿ ಬಿಟ್ಟರೆ ಹವಳ ಬೆಳ್ಳಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ, ಮಂದ ಮಾಡಿದೆ, ಕಲ್ಲು ಜೋಡಿಸಿ, ಹಳೆಯ ನೀರು ಸುರಿದು, ಹವಳ ಇಳಿಸಿ, ಮೀನು ಬಿಟ್ಟೆವು, ಪಂಪು ಗುಂಯ್ ಎಂದಿತು, ಮುಗಿಯಿತು ಎಂದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, ಅಡುಗೆಮನೆಯ ಕಡೆಯಿಂದ, ರೀ ಲೈಟು ಇನ್ನೂ ಸ್ವಲ್ಪ ನನ್ನ ಕಡೆಗೆ. ತಳ್ಳಿದೆ. ಅಷ್ಟಲ್ಲ, ಇನ್ನೂ ಕೆಳಗೆ. ಇಳಿಸಿದೆ. ಜಾಸ್ತಿ ಆಯ್ತು. ಏರಿಸಿದೆ. ಊಹೂಂ. ಏಣಿ ಹತ್ತಿ, ಏಣಿ ಇಳಿದು, ಮಂಡಿ ಲಟಲಟ ಎನ್ನುತ್ತಿದೆ, ಏನು ಮದುವೆ ಮಂಟಪ ಸಿಂಗರಿಸುತ್ತಿದ್ದೇವೆಯೇ, ಮೀನಿಗಿಲ್ಲದ ಚಿಂತೆ ನಿನಗೇಕೆ, ಎಂದು ಗಾಜಿನ ಈ ಕಡೆಯಿಂದ ಕಿರುಚಿದೆ, ಅವಳು ಕಿವಿಯ ಹತ್ತಿರ ಕೈ ಆಡಿಸಿ, ಕಿರುಚ್ಬೇಡಿ, ಕಿರುಚಿದ್ರೆ ಬಾಯಿ ಸೊಟ್ಟ ಆಗುತ್ತೆ, ಏನ್ ಅಂತೀರೋ ಗೊತ್ತಾಗಲ್ಲ ಎಂದಳು, ಲೈಟು ಕಣ್ಣಿಗೆ ಹೊಡೀತಿದೆ, ನಿಮ್ಮ ಮುಖ ಬರೀ ಕಪ್ಪು, ಈ ಕಡೆಗೆ ತಳ್ಳಿದ್ರೆ ಬೆಳಕು ನಿಮ್ಮ ಮೇಲೆ ಬೀಳುತ್ತೆ, ನಾನಿಲ್ಲಿ ಕೆಲಸ ಮಾಡ್ತಾ ಇದ್ರೂ ನೀವಲ್ಲಿ ಏನ್ ಅಂದ್ರಿ ಅಂತ ನೋಡ್ಬಹುದು. ಇದಕ್ಕಾ. ಬೆಳಗಿನಿಂದ ಇದಕ್ಕಾ, ಮೊದಲೇ ಹೇಳುವುದಕ್ಕೇನಾಗಿತ್ತು, ಮತ್ತೆ ಏಣಿ ಹತ್ತಿದೆ, ಬೆರಳಿನಷ್ಟು ತಳ್ಳಿದೆ, ಹಾಂ ಅಲ್ಲೇ, ಅಲ್ಲೇ ಬಿಡಿ. ಇಳಿದೆ. ನೀರಿನ ಆಚೆ ಅವಳು, ಈಚೆ ನಾನು, ನಡುವೆ ಕಿತ್ತಳೆ ಮೀನು, ನೀಲಿ ಬೆಳಕಿನಲ್ಲಿ ಹವಳದ ಕೈಗಳು ಒಂದೊಂದೇ ಬಿಚ್ಚಿಕೊಳ್ಳುತ್ತಿವೆ, ದನಿಯಿಲ್ಲದೆ ಬರೀ ತುಟಿಯಲ್ಲಿ ಕೇಳಿದೆ, ನೀರಿನಾಚೆಯಿಂದ ತುಟಿ ಓದೋಕೆ ಆಗುತ್ತಾ, ಯಾರ್ ಹೇಳಿದ್ರು ನಿಂಗೆ.

ಯಾರ್ ಹೇಳ್ಬೇಕು, ಓದಿದ್ದೀನಲ್ಲ ಎಂದಳು, ಗಾಜು ಒರೆಸುತ್ತಲೇ, ಮಾಮೂಲಿ ಮಾತಿನ ಹಾಗೆ, ಆವತ್ತು ಡಾಕ್ಟರು ನನ್ನನ್ನ ಆಚೆ ಕಳಿಸಿದ್ರಲ್ಲ, ತೊಟ್ಟಿ ಮುಂದೆ ಕೂತಿದ್ದೆ, ಅವ್ರ ಮುಖ ಮೀನುಗಳ ಮಧ್ಯೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂತೀರಾ, ಎಡಗಿವಿನೂ ಉಳಿಯೋದಿಲ್ಲ, ಇನ್ನೊಂದು ವರ್ಷ, ಅಂದ್ರು, ನೀವು ತಲೆ ಆಡಿಸಿದ್ರಿ. ಅವಳ ಕಣ್ಣು ಆಗಲೇ ನನ್ನ ತುಟಿಯ ಮೇಲೆ, ಇಷ್ಟು ದಿನ, ಬಸ್ಸಿನಲ್ಲಿ, ಊಟದ ಮುಂದೆ, ನಾನು ಸಮಯ ಹುಡುಕುತ್ತಿದ್ದಾಗೆಲ್ಲ ಅವಳು ಗೊತ್ತಿದ್ದೂ ಅನ್ನ ಬಡಿಸುತ್ತಿದ್ದಳೇ, ಇವರು ಯಾವಾಗ ಹೇಳುತ್ತಾರೋ ನೋಡೋಣ ಎಂದು ಕಾದಳೇ, ಅಥವಾ ನಾನು ಹೇಳದಿರಲಿ ಎಂದು — ಬೈದಿದ್ದರೆ ಆಗುತ್ತಿತ್ತು, ಬೈಯುತ್ತಿಲ್ಲ, ಒದ್ದೆ ಬಟ್ಟೆ ಹಿಂಡುತ್ತಿದ್ದಾಳೆ, ಅವಳು ಆ ಕಾಯುವ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಳೆ, ಪರ್ಸು ತೊಡೆಯ ಮೇಲೆ, ನೀರಿನೊಳಗೆ ಡಾಕ್ಟರಮ್ಮನ ಬಾಯಿ, ಅದರ ಪಕ್ಕ ನಾನು, ಮೀನು ದಾಟಿಹೋಗುತ್ತದೆ, ನಾನು ತಲೆ ಆಡಿಸುತ್ತಿದ್ದೇನೆ, ಹವಳ ಬಾಗುತ್ತದೆ, ನಾನು ತಲೆ ಆಡಿಸುತ್ತಿದ್ದೇನೆ, ಅವಳು ನೋಡುತ್ತಿದ್ದಾಳೆ, ನೀಲಿ ನೀರಿನೊಳಗೆ ನನ್ನ ತಲೆ, ಮೇಲೆ, ಕೆಳಗೆ, ಮೇಲೆ